ಗಂಡು ಜೇನಿನ ಗತಿ

ಆದಿ ಉಡುಪಿಯ ಗುಜರಿ ಅಂಗಡಿಯಲ್ಲಿ ಇವತ್ತು ಚಿಟ್ಟೆಗಳ ಮೇಲಿನ ಹಳೆಯ ಪುಸ್ತಕವೊಂದನ್ನು ಕೊಂಡು ಮೂಸಿದೆ. ಆ ವಾಸನೆಗೆ ಚಿಕ್ಕಂದಿನ ಉಚ್ಚಿಲದ ನಮ್ಮ ಜಗಲಿಗೇ ಹೋಗಿಬಿಟ್ಟೆ. ಮೀನುಗಾರರ ಮನೆಯಲ್ಲಿ ನಾನು ಓದುತ್ತಿದ್ದದ್ದು ಜೇನು ಸಾಕುವ ಪುಸ್ತಕ!

“ಗಂಡು ಜೇನು ದುಡಿಯುವುದಿಲ್ಲ. ಆಹಾರ ಕಡಿಮೆಯಾದಾಗ ಹೆಣ್ಣುಗಳು ಅದನ್ನು ಗೂಡಿನಿಂದ ಹೊರದಬ್ಬುತ್ತವೆ” ಎಂದು ಒಂದು ದಿನ ಜೋರಾಗಿ ಓದಿದೆ.

ಬಲೆ ಹೊಲಿಯುತ್ತಿದ್ದ ಅಪ್ಪ ಬೆಚ್ಚಿಬಿದ್ದರು. “ಎಂತ ಪುಸ್ತಕ ಮಾರಾಯ ಅದು!”

ಮೀನು ಮಾರಿ ಬಂದ ಅಮ್ಮ ಬುಟ್ಟಿ ಇಳಿಸಿದಳು. “ಇನ್ನೊಮ್ಮೆ ಓದು ಮಗಾ. ಅಪ್ಪನಿಗೆ ಸರಿಯಾಗಿ ಕೇಳಲಿ.”

ಗೊತ್ತಿಲ್ಲದ್ದನ್ನು ಓದಿ ಬೆಚ್ಚಿಬೀಳುವ ಸುಖವೇ ಅದು. ಈ ಬೆರಗಿಗೆ ಕಾಲೇಜಿನ ಇಂಗ್ಲಿಷಿನಲ್ಲಿ ವಂಡರ್ ಆಫ್ ಏನೋ ಅನ್ನುತ್ತಿದ್ದರು, ಮರೆತಿದೆ. ಬೆಚ್ಚಿಬಿದ್ದವನಿಗೆ ಹೇಳಿಕೊಳ್ಳಲು ಒಬ್ಬರು ಬೇಕು, ಅಷ್ಟೆ.

ಈಗಷ್ಟೇ ಮನೆಯಲ್ಲಿ, “ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದಂತೆ ಮಾರಾಯ್ತಿ!” ಎಂದು ಅಡುಗೆಮನೆಯತ್ತ ಕೂಗಿದೆ. ಉತ್ತರ ಬರದಿದ್ದಾಗಲೇ ಹೆಂಡತಿ ತೀರಿಕೊಂಡದ್ದು ನೆನಪಾಯಿತು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಕಾಲಿನಿಂದಂತೆ!