ಹರಳೆಣ್ಣೆಯ ಮೇಲೆ ರವೆ

ಮೊನ್ನೆ ಬಿ.ಸಿ.ರೋಡಿನ ಅಂಗಡಿಯಲ್ಲಿ ಹುಡುಗಿಯೊಬ್ಬಳು ಹರಳೆಣ್ಣೆಯ ಬಾಟಲಿ ತೆರೆದು ತೋರಿಸಿದಳು. ಆ ಮಂದವಾದ, ಹಸಿಬೀಜದಂಥ ವಾಸನೆ ಬಂದದ್ದೇ ತಡ, ನಾನು ಬಂಟ್ವಾಳದ ನಮ್ಮ ಹಳೆಮನೆಯ ಚಾವಡಿಯಲ್ಲಿ, ಉದ್ದ ಬೆಂಚಿನ ನಡುವೆ, ಫಿಸಿಕ್ಸ್ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಅವಳ ತಂಗಿ, ನಮ್ಮ ಚಿಕ್ಕಜ್ಜಿ. ಯಾವ ಮಾತಿಗೆ ಮುನಿಸಿಕೊಂಡಿದ್ದರೋ, ನಾನು ಹುಟ್ಟುವ ಮೊದಲಿನಿಂದಲೂ ಇಬ್ಬರೂ ನೇರ ಮಾತಾಡಿದವರಲ್ಲ. ಎಣ್ಣೆಯ ಭರಣಿಗಳು ಅಜ್ಜಿಯ ವಶ, ಅಕ್ಕಿ, ರವೆಯ ಡಬ್ಬಗಳು ಚಿಕ್ಕಜ್ಜಿಯ ವಶ. ಬೆಳಿಗ್ಗೆ ಒಂದು ಸಜ್ಜಿಗೆ ಆಗಬೇಕಾದರೂ ಇಬ್ಬರ ಮಾತು ಹೊತ್ತು ನಾನೇ ಓಡಾಡಬೇಕು.

ಮೂಡಬಿದಿರೆಯ ಕಾನ್ವೆಂಟಿನಲ್ಲಿ ಆಗ ಡೈಪೋಲ್ ಪಾಠ. ಸಮಬಲದ ಒಂದು ಪಾಸಿಟಿವ್, ಒಂದು ನೆಗೆಟಿವ್ ಚಾರ್ಜ್, ನಡುವೆ ಚೂರು ಅಂತರ. ಸರಿಮಧ್ಯದಲ್ಲಿ ಪೊಟೆನ್ಶಿಯಲ್ ಸೊನ್ನೆಯಾದ್ದರಿಂದ ಅಲ್ಲಿ ಫೀಲ್ಡೂ ಇಲ್ಲ, ಎಳೆಯುವ ದೂಡುವ ಬಲವೇ ಇಲ್ಲ ಎಂದು ಟೆಸ್ಟಿನಲ್ಲಿ ಬರೆದೆ. ಸಿಸ್ಟರ್ ಬೈಯಲಿಲ್ಲ. ಮನೆಯಿಂದ ಹರಳೆಣ್ಣೆ, ರವೆ ತರಲು ಹೇಳಿದರು.

"ನಿಮ್ಮ ಶಾಲೆಯಲ್ಲಿ ಮಕ್ಕಳ ಹೊಟ್ಟೆ ತೊಳೀತಾರಾ?" ಎಂದಳು ಅಜ್ಜಿ. "ಅವಳು ಎಷ್ಟು ರವೆ ಕೊಡ್ತಾಳೆ ಕೇಳು. ನಾನು ಅದಕ್ಕಿಂತ ಕಮ್ಮಿ ಕೊಡುವವಳಲ್ಲ."

"ಅವಳ ಎಣ್ಣೆಗೆ ಬಿದ್ದರೆ ನನ್ನ ಒಳ್ಳೆ ರವೆ ಹಾಳು ಅಂತ ಹೇಳು ಮಾರಾಯ್ತಿ," ಎನ್ನುತ್ತಲೇ ಚಿಕ್ಕಜ್ಜಿ ಎರಡು ಮುಷ್ಟಿ ಕಟ್ಟಿಕೊಟ್ಟಳು.

ಲ್ಯಾಬಿನಲ್ಲಿ ಸಿಸ್ಟರ್ ಗಾಜಿನ ತಟ್ಟೆಗೆ ಎಣ್ಣೆ ಸುರಿದು, ಎರಡು ತಂತಿ ಇಳಿಸಿ, ಮೇಲೆ ರವೆ ಉದುರಿಸಿ, ಚಾರ್ಜ್ ಹುಟ್ಟಿಸುವ ಯಂತ್ರದ ಹಿಡಿ ತಿರುಗಿಸಿದರು. ಕಾಳುಗಳು ನಡುಗಿ, ಒಂದು ತಂತಿಯಿಂದ ಇನ್ನೊಂದಕ್ಕೆ ಬಿಲ್ಲಿನಂತೆ ಬಾಗಿ ಸಾಲುಗಟ್ಟಿದವು. ಸಿಸ್ಟರ್ ನಡುವೆ ಪೆನ್ಸಿಲ್ ತೋರಿಸಿದರು. "ಇಲ್ಲಿ ಪ್ಲಸ್ಸಿಗೆ ಮೈನಸ್ ವಜಾ, ಪೊಟೆನ್ಶಿಯಲ್ ಸೊನ್ನೆ. ಆದರೆ ರವೆ ಇಲ್ಲೂ ಸಾಲುಗಟ್ಟಿದೆ ನೋಡು, ಚೈಲ್ಡ್. ಒಂದು ದೂಡ್ತದೆ, ಇನ್ನೊಂದು ಎಳೀತದೆ, ಎರಡೂ ಒಂದೇ ದಿಕ್ಕಿಗೆ. ಫೀಲ್ಡ್ ಹೇಗೆ ಇಲ್ಲದೆ ಹೋಗ್ತದೆ? ದೂರ ಹೋದ ಹಾಗೆ ಬೇಗ ಅಡಗ್ತದೆ, ಅಷ್ಟೆ. ಹೊರಗಿನವರಿಗೆ ಇಲ್ಲಿ ಏನಾದರೂ ಉಂಟು ಅಂತಲೇ ಗೊತ್ತಾಗುವುದಿಲ್ಲ." ನನಗೆ ನಮ್ಮ ಬೆಂಚು ನೆನಪಾಯಿತು. ದಿನವೂ ಅಲ್ಲಿ ಇಬ್ಬರ ನಡುವೆ ಕೂತ ನನಗೆ ಇದು ಗೊತ್ತಿರಬೇಕಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಚಿಕ್ಕಜ್ಜಿಯ ಮಗ ಬೆಳ್ತಂಗಡಿಯಲ್ಲಿ ಮನೆ ಕಟ್ಟಿ, ಅವಳನ್ನು ಕರೆದೊಯ್ಯಲು ಬಂದ. ಸೀರೆ ಮಡಚುತ್ತಾ ಚಿಕ್ಕಜ್ಜಿ ನನಗೆ ಮೆಲ್ಲಗೆ ಹೇಳಿದಳು: "ಹೋಗಬೇಡ ಅಂತ ಅವಳು ಒಂದು ಮಾತು ಹೇಳಲಿ, ಪೆಟ್ಟಿಗೆ ಕೆಳಗಿಳಿಸ್ತೇನೆ. ಇದನ್ನು ಮಾತ್ರ ಅವಳಿಗೆ ಹೇಳಬೇಡ." ಇಬ್ಬರ ಮಾತೆಲ್ಲ ಹೊತ್ತ ನಾನು, ಆ ಒಂದನ್ನು ಮಾತ್ರ ಹೊರಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, ಪ್ರಾಮಿಸ್ ಎಂದರೆ ಪ್ರಾಮಿಸ್. ಜೀಪು ಅಂಗಳಕ್ಕೆ ಬಂತು. ತಂಗಿ ಒಂದು ಮಾರು ದೂರದಲ್ಲಿ ನಿಂತಿರುವಾಗ ಅಜ್ಜಿ ನನ್ನ ಮುಖ ನೋಡಿ, "ಅಲ್ಲಿ ಚಳಿ ಜಾಸ್ತಿಯಂತೆ. ಸ್ವೆಟರ್ ಹಾಕ್ಲಿಕ್ಕೆ ಹೇಳು ಅವಳಿಗೆ," ಎಂದಳು. "ಹಾಕ್ತೇನೆ ಅಂತ ಹೇಳು," ಎಂದಳು ಚಿಕ್ಕಜ್ಜಿ. ಜೀಪು ಹೋಯಿತು. ಚಿಕ್ಕಜ್ಜಿ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಜೋಡಿ ಒಡೆದ ಚಾರ್ಜಿನ ಪ್ರಭಾವ ಎಷ್ಟು ದೂರ ಹಬ್ಬುತ್ತದೆಂದು ಆಮೇಲೆ ಕಂಡೆ. ಅಜ್ಜಿಯ ಸಿಡುಕು ಚಾವಡಿ ದಾಟಿತು, ಅಂಗಳ ದಾಟಿತು, ನೆರೆಮನೆಯವರನ್ನೂ ಮುಟ್ಟಿತು. ಈಗ ಅಜ್ಜಿಯೂ ಇಲ್ಲ, ಆ ಮನೆಯೂ ಇಲ್ಲ. ತಂಗಿ ಹೋದ ಆ ಚಳಿಗಾಲವಿಡೀ ಅಜ್ಜಿ ಅಭ್ಯಾಸಬಲದಿಂದ, "ನೀರು ಕಾದಿದೆ, ಸ್ನಾನಕ್ಕೆ ಹೋಗ್ಲಿಕ್ಕೆ ಹೇಳು ಅವಳಿಗೆ," ಎನ್ನುತ್ತಿದ್ದಳು. ನಾನು ಎದ್ದು ಅಡುಗೆಮನೆಗೆ ಹೋಗಿ, ರವೆಯ ಡಬ್ಬಗಳ ಎದುರು ಸ್ವಲ್ಪ ಹೊತ್ತು ನಿಂತು, ವಾಪಸು ಬಂದು, "ಹೇಳಿದೆ ಅಜ್ಜಿ," ಎನ್ನುತ್ತಿದ್ದೆ. ಅವಳು ಏನಂದಳು ಎಂದು ಅಜ್ಜಿ ಒಮ್ಮೆಯೂ ಕೇಳಲಿಲ್ಲ.