ಬಾವಿಯ ಮುಗುಡು

ಎಂಬತ್ತರ ದಶಕದ ಮಾತು. ಪುತ್ತೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಗಂಡನಿಗೆ ಒಂದು ಹುಚ್ಚು ಹಿಡಿದಿತ್ತು. ಹಿಂದೆ ಹೊಳೆಯಲ್ಲಿ ಮೀನು ಹಿಡಿಯಲು ಜಜ್ಜಿ ಹಾಕುತ್ತಿದ್ದ ಒಂದು ಕಾಡುಬಳ್ಳಿಯ ವಿಷದ ಬೇರಿನಿಂದ ಕೀಟನಾಶಕ ಆಗುತ್ತದಂತೆ. ಬೇರು ಅಗೆದರೆ ಬಳ್ಳಿ ಸಾಯುತ್ತದೆ, ಹಾಗಾಗಿ ಬೇರಿನ ಚೂರನ್ನು ಬಾಟಲಿಯಲ್ಲೇ ಬೆಳೆಸಿ ವಿಷ ತೆಗೆಯಬೇಕಂತೆ. ಬಾಟಲಿ ಬೇಯಿಸಲು ನನ್ನ ಕುಕ್ಕರ್ ಹೋಯಿತು, ಬೇರಿಗೆ ಉಣಿಸಲು ಅತ್ತೆಗೆಂದು ತಂದ ಬೊಂಡದ ಎಳನೀರೂ ಹೋಯಿತು. ಆಲಂಕಾರಿನ ನಮ್ಮ ಮನೆಯ ಕೋಣೆಯಲ್ಲಿ ಬಾಟಲಿಗಳು ಸಾಲಾಗಿ ನಿಂತವು. ಆಗಷ್ಟೇ ನಡೆಯಲು ಕಲಿತ ಮಗಳಿರುವ ಮನೆಯಲ್ಲಿ ವಿಷದ ಬೆಳೆ! ಹೆಚ್ಚಿನ ಬಾಟಲಿಗಳಿಗೆ ಬೂಷ್ಟು ಹಿಡಿಯಿತು. ಒಂದರಲ್ಲಿ ಮಾತ್ರ ಬೇಯಿಸಿದ ಹೂಕೋಸಿನಂಥ ಮುದ್ದೆ ಬೆಳೆಯಿತು.

ಅದರಲ್ಲಿ ವಿಷ ಇದೆಯೋ ಇಲ್ಲವೋ ನೋಡಬೇಕಲ್ಲ? ಬಾವಿಯಲ್ಲಿ ಸೊಳ್ಳೆಯ ಮರಿ ತಿನ್ನಲೆಂದು ಬಿಟ್ಟ ಒಂದು ಮುಗುಡು ಮೀನಿತ್ತು. ಗಂಡ ಅದನ್ನು ಹಿಡಿದು ಬಕೆಟ್ಟಿಗೆ ಹಾಕಿ, ಮುದ್ದೆಯನ್ನು ಅರೆದು ಕಲಸಿದರು. ಸಂಜೆಯವರೆಗೂ ಮುಗುಡು ಆರಾಮವಾಗಿ ಮೀಸೆ ಆಡಿಸಿಕೊಂಡಿತ್ತು. ಗಂಡನ ಮುಖ ಸಪ್ಪೆಯಾಯಿತು.

"ಪಾಪ, ಅದರ ಜಾಗಕ್ಕೇ ಬಿಡುವ," ಎಂದು ಅತ್ತೆ ಬಕೆಟ್ಟನ್ನು ನೀರು ಸಮೇತ ಬಾವಿಗೆ ಸುರಿದರು.

ಬೆಳಗ್ಗೆ ನೀರು ಸೇದಿ ಮಗಳಿಗೆ ಕುಡಿಸಿದೆ. ಮತ್ತೆ ಕೊಡಪಾನ ಇಳಿಸಲು ಬಗ್ಗಿದರೆ ಮುಗುಡು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ನನ್ನ ಕೂಗಿಗೆ ಇಬ್ಬರೂ ಓಡಿ ಬಂದರು.

"ಬಂತು ಮಾರಾಯ್ತಿ! ಬಾಟಲಿಯದ್ದಕ್ಕೂ ವಿಷ ಬಂತು!" ಗಂಡ ಕುಣಿದೇ ಬಿಟ್ಟರು.

"ನಿಮ್ಮ ವಿಷಕ್ಕಿಷ್ಟು ಬೆಂಕಿ ಬೀಳ! ಮಗು ಅದೇ ನೀರು ಕುಡಿದಾಗಿದೆ!"

"ಅದು ಮೀನಿಗೆ, ಹುಳಕ್ಕೆ ಮಾತ್ರ. ನಮಗೆ ಎಂತ ಆಗುದಿಲ್ಲ. ಪುಸ್ತಕದಲ್ಲಿ ಉಂಟು."

"ಹಾಗಾದ್ರೆ ನೀವು ಕುಡೀರಿ ಮಾರಾಯ್ರೆ," ಎಂದು ಲೋಟ ತುಂಬಿ ಮುಂದೆ ಹಿಡಿದೆ.

ತುಟಿಯವರೆಗೆ ತಂದವರು ಅಲ್ಲೇ ನಿಂತರು. ಪುಸ್ತಕದಲ್ಲಿದ್ದದ್ದು ಕಾಡಿನ ಬೇರಿನ ಮಾತು. ಬಾಟಲಿಯಲ್ಲಿ ಬೆಳೆದದ್ದರಲ್ಲಿ ಇನ್ನೇನಿದೆಯೋ ಅವರಿಗೇ ಗೊತ್ತಿರಲಿಲ್ಲ.

ಅತ್ತೆ ಲೋಟ ಕಿತ್ತುಕೊಂಡರು. "ಮಗು ಕುಡಿದಾಯ್ತು. ಇನ್ನು ನಮಗೆ ಹೆದರ್ಲಿಕ್ಕೆ ಎಂತ ಉಂಟು?" ಎಂದು ಅರ್ಧ ಕುಡಿದರು. ಗಂಡ ಕುಡಿದರು. ಉಳಿದದ್ದನ್ನು ನಾನು ಕುಡಿದೆ.

ಕಡಬದ ಡಾಕ್ಟರಲ್ಲಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಜಗಲಿಯಲ್ಲಿ ಕೂತು ಮಗಳನ್ನೇ ನೋಡುತ್ತಿದ್ದೆವು. ಖಾಲಿ ಲೋಟ ಕಂಡ ಅವಳು ತನಗೂ ಬೇಕೆಂದು ರಂಪ ಎಬ್ಬಿಸಿದಳು. ಯಾರೂ ಸಮಾಧಾನ ಮಾಡಲಿಲ್ಲ. ಅಳಲಿ, ಗಟ್ಟಿಯಾಗಿ ಅಳಲಿ. ಅವಳು ಸುಮ್ಮನಾದರೆ ನಮಗೆ ಜೀವ ಹೋಗುತ್ತಿತ್ತು.