ಅಚ್ಚಾದ ಅಜ್ಜಂದಿರು

ಹಳೆಯ ಪುಸ್ತಕಕ್ಕೆ ವಾಸನೆ ಇರದಿದ್ದರೆ ನನ್ನ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ಜಲನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಎಲೆನ್ ಎಂಬ ಅಮೆರಿಕದ ಹೆಣ್ಣುಮಗಳು ಬಾಡಿಗೆಗಿದ್ದಾಳೆ, ಇಲ್ಲಿಯ ಗುಮ್ಮಟಗಳ ಅಭ್ಯಾಸಕ್ಕೆ ಬಂದವಳು. ಮೊನ್ನೆ ಸಂಜೆ ಚಹಾ ಕುಡಿಯುತ್ತ ತನ್ನ ಮನೆತನದ ವಂಶಾವಳಿಯ ಹಳೆಯ ಪುಸ್ತಕವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಅವಳ ಹಿರಿಯರು ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಹಡಗು ಹತ್ತಿ ಹೋದವರಂತೆ. ಅವರ ಮರಿಮಕ್ಕಳು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಆ ಪುಸ್ತಕ ಬರೆಸಿ ಅಚ್ಚು ಹಾಕಿಸಿದ್ದಾರೆ. ಅದರ ಪ್ರಕಾರ ಮೂಲಪುರುಷ ದೊಡ್ಡ ಜಮೀನುದಾರ. ಎಲೆನ್ ಚರ್ಚಿನ ದಾಖಲೆ ತೆಗೆಸಿ ನೋಡಿದರೆ, ಆ ಜಮೀನುದಾರ ಮಕ್ಕಳಿಲ್ಲದೆ ಸತ್ತವನು.

ನಿಮ್ಮ ಕಡೆ ಇಂಥ ಪುಸ್ತಕವನ್ನು ಹೇಗೆ ಪರೀಕ್ಷೆ ಮಾಡುತ್ತೀರಿ ಎಂದು ಕೇಳಿದಳು. ಒಂದೇ ಮೂಲದ ಮನೆಗಳಾದರೆ ಮನೆದೇವರೂ ಒಂದೇ ಇರಬೇಕು ಎಂದೆ. ಹೇಳಿದ್ದೇ ತಡ, ಚಹಾದ ಕಪ್ಪು ಕೆಳಗಿಟ್ಟೆ.

ನಮ್ಮಲ್ಲೂ ಅಂಥದೊಂದು ಪುಸ್ತಕವಿತ್ತು ನೋಡಿ. ಹೆಳವರು ಎತ್ತಿನ ಮೇಲೆ ಬಂದು ನಮ್ಮ ವಂಶ ಹೇಳಿದ್ದಕ್ಕೆ, ತಿಕೋಟಾದ ದೊಡ್ಡಪ್ಪ ತನ್ನದಿಷ್ಟು ಉಪ್ಪುಖಾರ ಹಚ್ಚಿ ಅಚ್ಚು ಹಾಕಿಸಿದ್ದ. ಕೆಂಪು ರಟ್ಟು. ಒಳಗಿನ ಅಜ್ಜಂದಿರೆಲ್ಲ ಶೂರರು, ದಾನಿಗಳು, ಒಬ್ಬನೂ ಸೋಮಾರಿಯಲ್ಲ. ಹಾಗಾದರೆ ನಾನು ಯಾರ ಹಾಗೆ ಹುಟ್ಟಿದೆ ಎಂದು ಹುಡುಗನಾಗಿದ್ದಾಗಲೇ ಅನುಮಾನ ಬಂದಿತ್ತು. ಹಾಲಿನವನಿಂದ ಹಿಡಿದು ಪಂಚಾಂಗದವರೆಗೆ ನಾನು ಅನುಮಾನಪಡದ ವಸ್ತುವಿಲ್ಲ. ಅಪ್ಪನೊಬ್ಬನನ್ನು ಬಿಟ್ಟಿದ್ದೆ. ಅವನು ಸುಳ್ಳು ಹೇಳುವವನಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು.

ದೊಡ್ಡಪ್ಪನ ಮಗಳು ಗಂಗಕ್ಕನಿಗೆ ಬಬಲೇಶ್ವರದ ಮಾಸ್ತರನೊಬ್ಬನೊಂದಿಗೆ ನಿಶ್ಚಯವಾಗಿತ್ತು. ಅವಳಿಗೆ ಅವನು ಮನಸ್ಸಿಗೆ ಬಂದಿದ್ದ, ಮುಚ್ಚಿಟ್ಟುಕೊಂಡಿರಲೂ ಇಲ್ಲ. ಅಷ್ಟರಲ್ಲಿ ಭೂತನಾಳದಿಂದ ದೊಡ್ಡ ಹೊಲಮನೆಯವರ ಸಂಬಂಧ ಬಂತು. ಅದರ ಬೆನ್ನಿಗೇ ದೊಡ್ಡಪ್ಪ ಪುಸ್ತಕ ಬಿಚ್ಚಿ, ಬಬಲೇಶ್ವರದವರೂ ನಾವೂ ಒಬ್ಬನೇ ಅಜ್ಜನ ಸಂತಾನ, ಅಣ್ಣತಮ್ಮರ ಮನೆಗಳಲ್ಲಿ ಲಗ್ನ ಕೂಡದು ಎಂದುಬಿಟ್ಟ.

“ನಿಶ್ಚಯ ಮಾಡೂಮುಂದ ಈ ಪುಸ್ತಕ ಎಲ್ಲಿತ್ತು ಯಪ್ಪಾ?” ಎಂದಳು ಗಂಗಕ್ಕ.

“ಅಚ್ಚಾಗೇತಿ ಬೇ. ಅಚ್ಚಾದದ್ದು ಸುಳ್ಳಾಗತೈತೇನು?”

ಕೂತವರೆಲ್ಲ ತಲೆಯಾಡಿಸಿದರು. ಗಂಗಕ್ಕ ಭೂತನಾಳದ ಸೊಸೆಯಾದಳು.

ಎಲೆನ್ ಎದುರು ನನಗೆ ನೆನಪಾದದ್ದು ಆ ನಿಶ್ಚಯದ ದಿನ. ಬಬಲೇಶ್ವರದವರು ತಮ್ಮ ಮನೆದೇವರು ಎಲ್ಲಮ್ಮನ ಭಂಡಾರ ತಂದು ಗಂಗಕ್ಕನ ಹಣೆಗೆ ಹಚ್ಚಿದ್ದರು. ನಮ್ಮ ಮನೆದೇವರು ವೀರಭದ್ರ. ಅಣ್ಣತಮ್ಮರ ಮನೆ ಎಲ್ಲಿಂದ ಬಂತು?

ಮರುದಿನ ಭೂತನಾಳಕ್ಕೆ ಹೋದೆ. ಈಗ ತಲೆ ಬೆಳ್ಳಗಾದ ಗಂಗಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ದೊಡ್ಡ ಪತ್ತೇದಾರನ ಗತ್ತಿನಲ್ಲಿ ಎಲ್ಲ ಹೇಳಿದೆ. ಅವಳು ಮೊರ ನಿಲ್ಲಿಸಲಿಲ್ಲ.

“ನನಗ ಆವಾಗೇ ಗೊತ್ತಿತ್ತೋ ತಮ್ಮಾ.”

ಮತ್ತೆ ಯಾರ ಮುಂದೂ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ದೆ, ನಿಮ್ಮಪ್ಪನ ಮುಂದ. ಕಾಕಾ ಸುಳ್ಳು ಹೇಳಂಗಿಲ್ಲ, ಅಂವ ಒಂದು ಮಾತು ಅಂದ್ರ ಮಂದಿ ನಂಬತಾರಂತ.” ಮೊರದಲ್ಲಿಯ ಹರಳು ಆರಿಸಿ ಚೆಲ್ಲಿದಳು. “ಅಣ್ಣನ ಮುಂದ ಕಾಕಾ ಸುಮ್ಮನ ಕುಂತ.”

ಮನೆಗೆ ಬಂದಾಗ ಎಲೆನ್ ಮೆಟ್ಟಿಲ ಮೇಲೆ ಸಿಕ್ಕಳು. ನಿಮ್ಮ ಪುಸ್ತಕವೂ ಸುಳ್ಳಾಯಿತೇ ಎಂದಳು. ಹೌದೆಂದೆ, ಅದನ್ನು ಹೇಳುವುದು ಸುಲಭವಿತ್ತು. ಒಳಗೆ ಗೋಡೆಯ ಮೇಲೆ ಅಪ್ಪನ ಫೋಟೋ. ದಿನಾ ಕೈಮುಗಿಯುವವನು ಇವತ್ತು ಸುಮ್ಮನೆ ನಿಂತು ನೋಡಿದೆ. ಅಪ್ಪ ಎಂದೂ ಸುಳ್ಳು ಹೇಳಿದವನಲ್ಲ. ಅಂದೂ ಹೇಳಿರಲಿಲ್ಲ.